‘ಆರಾಮ’ ಅಂದಮೇಲೆ ಕೇಳಬೇಕಾದ ಮಾತು

ನಮ್ಮ ಹಾವೇರಿ ಕಡೆ ಯಾರೇ ಎದುರಾಗಲಿ, ಮೊದಲು ಬರುವ ಮಾತು ‘ಆರಾಮ ಅದೀರೇನ್ರಿ?’ ಉತ್ತರವೂ ಆ ಮಾತಿನೊಳಗೇ ಇದೆ: ‘ಆರಾಮ.’ ಬೇರೆ ಉತ್ತರ ಕೊಟ್ಟವರನ್ನು ನಾನು ಕಂಡಿದ್ದು ಕಡಿಮೆ. ‘ಆರಾಮಿಲ್ಲ’ ಅಂದರೆ ಅದು ಮೈಗೆ ಬಂದ ಬೇನೆ. ಜ್ವರ, ವಾಂತಿ, ಸೊಂಟ ಹಿಡಿದದ್ದು. ಒಂದು ಸಲಾಯಿನ್ ಹಚ್ಚಿಸಿಕೊಂಡು ಬಂದರೆ ಮುಗಿಯಿತು. ಮನಸ್ಸು ಸರಿಯಿಲ್ಲ ಅನ್ನುವುದಕ್ಕೆ ನಮ್ಮಲ್ಲಿ ಮಾತಿಲ್ಲ ಎಂದಲ್ಲ. ಮನಸಿಗೆ ಹಚಗೊಂಡಾನ, ಮಂಕಾಗ್ಯಾನ, ಒಳಗೊಳಗ ಕೊರಗಾಕತ್ತಾನ, ಎಷ್ಟೊಂದು ಇವೆ. ಆದರೆ ಇವೆಲ್ಲ ಒಬ್ಬರ ಬಗ್ಗೆ ಇನ್ನೊಬ್ಬರು ಆಡುವ ಮಾತು. ‘ನಾ ಮಂಕಾಗೇನಿ’ ಎಂದು ತನ್ನ ಬಗ್ಗೆ ತಾನೇ ಹೇಳಿಕೊಂಡ ಒಬ್ಬ ರೈತನನ್ನೂ ನಾನು ಇಷ್ಟು ವರ್ಷದಲ್ಲಿ ನೋಡಿಲ್ಲ. ಹೇಳುವವರು ಕಟ್ಟೆಯ ಮೇಲಿನವರು, ಅದೂ ಅವನು ಎದ್ದು ಹೋದಮೇಲೆ.

ಬೆಂಗಳೂರಿಗೆ ಬಂದಾಗಿನಿಂದ ಪ್ರತಿ ಭಾನುವಾರ ಊರಿಗೆ ಫೋನ್ ಮಾಡುವುದು ನನ್ನ ರೂಢಿ. ಅಪ್ಪ ತೀರಿಹೋದಮೇಲೆ ಆ ಫೋನು ಕಾಕಾನಿಗೆ. ಆರಾಮ ಅದೀರೇನು ಕಾಕಾ, ಆರಾಮ ತಮ್ಮಾ, ಮಳಿ ಹೆಂಗೈತಿ, ಬೋರಿನ್ಯಾಗ ನೀರ ಅದಾವಾ, ಗೋವಿನಜೋಳಕ್ಕ ರೇಟ್ ಎಷ್ಟು ನಡದೈತಿ. ನಾಲ್ಕು ನಿಮಿಷದ ಮಾತು. ಅದನ್ನೇ ನಾನು ಸಂಬಂಧ ಕಾಯ್ದುಕೊಳ್ಳುವುದು ಎಂದುಕೊಂಡಿದ್ದೆ. 2024ರ ಬೇಸಿಗೆಯುದ್ದಕ್ಕೂ ಕಾಕಾ ‘ಆರಾಮ’ ಅಂದ ಒಂದೊಂದು ಭಾನುವಾರವನ್ನೂ ನಾನು ಆಮೇಲೆ ಬೆರಳು ಮಡಿಚಿ ಎಣಿಸಿದ್ದೇನೆ. ಹನ್ನೊಂದು. ಆ ಹನ್ನೊಂದು ಸಲವೂ ಅವರು ಆರಾಮ ಇರಲಿಲ್ಲ. ಈ ಬರಹ ಅಲ್ಲಿಂದ ಹುಟ್ಟಿದ್ದು.

ಟ್ರಂಕಿನ ಮುಂದೆ ಒಂದು ಮಧ್ಯಾಹ್ನ

ಕಾಕಾನ ವಿಷಯಕ್ಕೆ ಬರುವ ಮೊದಲು ಅದರ ಹಿಂದಿನ ವರ್ಷದ್ದೊಂದು ಮಧ್ಯಾಹ್ನವನ್ನು ಹೇಳಬೇಕು. 2023 ಹೇಗಿತ್ತೆಂದು ಓದುವ ನಿಮಗೆ ಗೊತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸಾರಿದ ವರ್ಷ. ಆ ಚಳಿಗಾಲದಲ್ಲಿ ನಮ್ಮ ಓಣಿಯ ಒಬ್ಬರು ಹೋಗಿಬಿಟ್ಟರು. ನನಗಿಂತ ಎರಡು ವರ್ಷ ದೊಡ್ಡವರು, ಹೈಸ್ಕೂಲಿಗೆ ಇಬ್ಬರೂ ಒಂದೇ ಸೈಕಲ್ಲಿನಲ್ಲಿ ಹೋದವರು. ಊರಲ್ಲಿ ಯಾರೂ ಆತ್ಮಹತ್ಯೆ ಎಂಬ ಪದ ಬಳಸುವುದಿಲ್ಲ, ‘ಹಂಗ ಮಾಡಿಕೊಂಡ’ ಅನ್ನುತ್ತಾರೆ. ಮೂರನೇ ದಿನ ನಾನು ಊರು ಮುಟ್ಟಿದೆ. ಓದುಬರಹ ಬಲ್ಲವನು ಬಂದ ಎಂದು ನನ್ನನ್ನು ಕಾಗದ ಪತ್ರ ನೋಡಲು ಕೂರಿಸಿದರು.

ಅವರ ಹೆಂಡತಿ, ನನಗೆ ವೈನಿ, ಮನೆಯ ಟ್ರಂಕನ್ನು ಪಡಸಾಲೆಗೆ ಎಳೆದು ತಂದು ಇದ್ದದ್ದನ್ನೆಲ್ಲ ಹೊರಗೆ ಹಾಕಿದರು. ರೇಷನ್ ಕಾರ್ಡು, ಮಕ್ಕಳ ಜನನ ಪತ್ರ, ಸೊಸೈಟಿಯ ಪಾಸ್‌ಬುಕ್ಕು, ಗೊಬ್ಬರದ ಅಂಗಡಿಯ ಚೀಟಿಗಳ ಒಂದು ಕಂತೆ, ಬಂಗಾರ ಅಡವಿಟ್ಟ ರಸೀದಿ, ವಾರದ ಕಂತಿಗೆ ಸಹಿ ಹಾಕುವ ಫೈನಾನ್ಸಿನ ಕಾರ್ಡು. ಪಹಣಿ, ಅಂದರೆ ನಮ್ಮ ಕಡೆಯ ಉತಾರ, ತೆಗೆದು ನೋಡಿದರೆ ಒಂದೂವರೆ ಎಕರೆ ಇನ್ನೂ ಅವರ ತಂದೆಯ ಹೆಸರಿನಲ್ಲೇ ಇತ್ತು. ಉಳಿದ ನಾಲ್ಕು ಎಕರೆ ಲಾವಣಿ, ಅಂದರೆ ಗೇಣಿಗೆ, ಹಿಡಿದದ್ದು, ಬಾಯಿಮಾತಿನ ಮೇಲೆ. ಕೊನೆಗೆ ಸಿಕ್ಕಿದ್ದು ಮಗಳ ಹಳೆಯ ನೋಟ್‌ಬುಕ್ಕು. ಮುಂದಿನಿಂದ ಆಕೆಯ ಐದನೇ ಇಯತ್ತೆಯ ಲೆಕ್ಕ, ಹಿಂದಿನಿಂದ ಅಪ್ಪನ ಲೆಕ್ಕ. ಕೈಗಡ ಕೊಟ್ಟವರ ಹೆಸರಿನ ಒಂದೊಂದೇ ಅಕ್ಷರ, ಮುಂದೆ ಒಂದು ಮೊತ್ತ, ಅದರ ಮುಂದೆ ತಿಂಗಳ ಬಡ್ಡಿ. ‘ಸಿ’ ಅಂದರೆ ಯಾರು, ‘ಮ’ ಅಂದರೆ ಯಾರು ಎಂದು ವೈನಿಗೂ ಗೊತ್ತಿರಲಿಲ್ಲ. ಹದಿನಾಲ್ಕು ಸಾಲು. ಕೆಲವು ಮೊತ್ತಗಳ ಮೇಲೆ ಪೆನ್ನನ್ನು ಎಷ್ಟು ಸಲ ಆಡಿಸಿದ್ದರೆಂದರೆ ಹಾಳೆ ಅಲ್ಲಲ್ಲಿ ಹರಿದಿತ್ತು. ರಾತ್ರಿ ಒಬ್ಬರೇ ಕೂತು ಅದೇ ಅಂಕಿಗಳನ್ನು ಮತ್ತೆ ಮತ್ತೆ ತೀಡಿದ್ದಾರೆ. ಆ ಹಾಳೆಯ ಮೇಲೆ ಬೆರಳಾಡಿಸಿದ್ದು ಈಗಲೂ ನನ್ನ ಬೆರಳಿಗೆ ನೆನಪಿದೆ.

ಪರಿಹಾರದ ವಿಚಾರಣೆಗೆ ಬಂದವರು ಕೆಟ್ಟವರಲ್ಲ. ಅವರ ಕೈಯಲ್ಲಿ ಒಂದು ನಮೂನೆ ಇತ್ತು, ಅದರಲ್ಲಿದ್ದ ಪ್ರಶ್ನೆ ಕೇಳಿದರು. ಜಮೀನು ಯಾರ ಹೆಸರಿಗಿದೆ, ಬ್ಯಾಂಕಿನ ಸಾಲ ಎಷ್ಟು, ಲೇವಾದೇವಿಯದಾದರೆ ದಾಖಲೆ ಏನು. ನೋಟ್‌ಬುಕ್ಕು ದಾಖಲೆಯಲ್ಲ. ಆಮೇಲೆ, ಏಳನೇ ಇಯತ್ತೆಯ ಮಗಳು ಕಂಬಕ್ಕೆ ಒರಗಿ ನಿಂತಿದ್ದಾಗಲೇ, ‘ಕುಡೀತಿದ್ರೇನು?’ ಎಂದು ಕೇಳಿದರು. ವೈನಿ ಏನೂ ಹೇಳಲಿಲ್ಲ. ಕೆಲವು ತಿಂಗಳ ಮೇಲೆ ‘ಅನರ್ಹ ಪ್ರಕರಣ’ ಎಂದು ತಿಳಿಯಿತು. ರಾಜ್ಯದಲ್ಲಿ 2015ರಿಂದ ರೈತನ ಕುಟುಂಬಕ್ಕೆ ಕೊಡುವ ಪರಿಹಾರ 5 ಲಕ್ಷ ರೂಪಾಯಿ. ಅದು ಕೆಲವರ ಪಾಲಿಗೆ ನಿಜವಾಗಿಯೂ ಆಸರೆಯಾಗಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಒಂದು ಸಾವಿಗೆ ಅರ್ಹ, ಅನರ್ಹ ಎಂಬ ಮಾತು ಅಂಟುವುದನ್ನು ಮನೆಯೊಳಗೆ ಕೂತು ನೋಡಿದವರಿಗೆ ಅದು ಮರೆಯುವುದಿಲ್ಲ.

ಅವತ್ತು ಜೀಪು ಹೋದಮೇಲೆ ವೈನಿ ಕಾಗದಗಳನ್ನು ಮತ್ತೆ ಟ್ರಂಕಿಗೆ ತುಂಬುತ್ತ ಅಂದರು: ‘ಅವರು ಹೋದ ಮ್ಯಾಲೆ ಎಷ್ಟ ಮಂದಿ ಬಂದ್ರು, ಎಷ್ಟ ಕೇಳಿದ್ರು. ಇದ್ದಾಗ ಒಬ್ಬರರೆ...’ ಮಾತು ಮುಗಿಸಲಿಲ್ಲ. ಕೇಳದೇ ಇದ್ದವರಲ್ಲಿ ನಾನೂ ಒಬ್ಬ. ಆ ವರ್ಷದ ದೀಪಾವಳಿಯಲ್ಲಿ ಅವರು ಬಸ್‌ಸ್ಟ್ಯಾಂಡಿನ ತನಕ ನನ್ನ ಬ್ಯಾಗು ಹಿಡಿದು ಬಂದಿದ್ದರು. ‘ಆರಾಮ?’ ಅಂದೆ, ‘ಆರಾಮ’ ಅಂದರು, ಬಸ್ಸು ಬಂತು.

ಸಾಲವೋ, ಮನಸ್ಸೋ

ಪತ್ರಿಕೆಯ ಒಳಪುಟದಲ್ಲಿ ಬರುವ ಸುದ್ದಿಯ ತಲೆಬರಹ ನಮಗೆಲ್ಲ ಬಾಯಿಪಾಠ: ‘ಸಾಲಬಾಧೆ: ರೈತ ಆತ್ಮಹತ್ಯೆ’. ಊರು, ವಯಸ್ಸು, ಎಕರೆ, ಸಾಲದ ಮೊತ್ತ, ಠಾಣೆಯಲ್ಲಿ ಪ್ರಕರಣ ದಾಖಲು. ನಾಲ್ಕು ಸಾಲಿನಲ್ಲಿ ಒಬ್ಬ ಮನುಷ್ಯ ಮುಗಿದ. 2022ರ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಲ್ಲಿ ಹೀಗೆ ಹೋದ ರೈತರು ಮತ್ತು ಕೃಷಿ ಕಾರ್ಮಿಕರು ದೇಶದಲ್ಲಿ 11,290. ಮಹಾರಾಷ್ಟ್ರದ ನಂತರದ ಜಾಗ ನಮ್ಮದು, 2,392. ಒಟ್ಟು ಲೆಕ್ಕದಲ್ಲಿ ಹೊಲ ಉಳ್ಳವರಿಗಿಂತ ಕೂಲಿ ಮಾಡುವವರೇ ಹೆಚ್ಚು ಎಂಬುದನ್ನು ಆ ತಲೆಬರಹಗಳು ಹೇಳುವುದಿಲ್ಲ.

ಇದಕ್ಕೆ ಕಾರಣವೇನು ಅನ್ನುವ ಜಗಳ ನಮ್ಮಲ್ಲಿ ಇಪ್ಪತ್ತು ವರ್ಷ ಹಳೆಯದು. 2002ರಲ್ಲಿ ಡಾ. ಜಿ.ಕೆ. ವೀರೇಶ್ ನೇತೃತ್ವದ ಸಮಿತಿ ವರದಿ ಕೊಟ್ಟಾಗ ಅದು ಕುಡಿತ ಮತ್ತು ಕೌಟುಂಬಿಕ ಕಾರಣಗಳಿಗೆ ಒತ್ತು ಕೊಟ್ಟಿತೆಂದು ರೈತ ಸಂಘಟನೆಗಳು ಸಿಟ್ಟಾದವು. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ‘ಮನಸ್ಸಿನ ಕಾಯಿಲೆ’ ಅಂದುಬಿಟ್ಟರೆ ಬೆಲೆ, ಬೆಳೆವಿಮೆ, ಬಡ್ಡಿ, ಬರ ಎಲ್ಲವೂ ಪಾರಾಗಿ ಬರೀ ಸತ್ತವನು ತಪ್ಪಿತಸ್ಥನಾಗಿ ಉಳಿಯುತ್ತಾನೆ. 2023ರಲ್ಲಿ ನಮ್ಮ ಜಿಲ್ಲೆಗೇ ಬಂದ ಸಚಿವರೊಬ್ಬರು ಪರಿಹಾರ 5 ಲಕ್ಷಕ್ಕೆ ಏರಿದಮೇಲೆ ಇಂಥ ವರದಿ ಹೆಚ್ಚಾಗಿವೆ ಎಂಬ ಅರ್ಥದಲ್ಲಿ ಮಾತಾಡಿದ್ದನ್ನು ಕೇಳಿದವರಿಗೆ, ಮನಸ್ಸಿನ ಮಾತು ಎತ್ತಿದವರ ಮೇಲೆಲ್ಲ ಅನುಮಾನ ಬಂದರೆ ಅದು ಸಹಜ. ಸಂಘದ ಹಿರಿಯರೊಬ್ಬರು ನನಗೆ ನೇರವಾಗಿಯೇ ಹೇಳಿದರು: ‘ನಮಗ ರೇಟ್ ಕೊಡ್ರಿ, ನಿಮ್ಮ ಗುಳಿಗಿ ನೀವ ಇಟ್ಟಕೊಳ್ರಿ.’

ಅವರ ಮುಂದೆ ನಾನು ವಾದ ಮಾಡಲಿಲ್ಲ. ಆದರೆ ಆ ನೋಟ್‌ಬುಕ್ಕು ನೋಡಿದಮೇಲೆ ನನಗೆ ಅನ್ನಿಸಿದ್ದು ಬೇರೆ. ಸಾಲ ಬರೀ ಮೊತ್ತವಲ್ಲ, ಅದು ಮನುಷ್ಯ ನಡೆಯುವ ದಾರಿಯನ್ನೇ ಬದಲಿಸುತ್ತದೆ. ಆ ಅಣ್ಣ ಕೊನೆಯ ವರ್ಷ ಗೊಬ್ಬರದ ಅಂಗಡಿ ತಪ್ಪಿಸಲು ಕೆರೆ ಏರಿಯ ಮೇಲೆ ಸುತ್ತು ಹಾಕಿ ಹೊಲಕ್ಕೆ ಹೋಗುತ್ತಿದ್ದರಂತೆ. ಆಯಾರ, ಅಂದರೆ ಮದುವೆಯ ಉಡುಗೊರೆ, ಮಾಡಲು ಕೈಯಲ್ಲಿ ಇಲ್ಲವೆಂದು ಮದುವೆಗಳಿಗೆ ಹೋಗುವುದು ಬಿಟ್ಟರು. ಮದುವೆ ಬಿಟ್ಟಮೇಲೆ ಬೀಗರು ಬಿಟ್ಟರು, ಆಮೇಲೆ ಕಟ್ಟೆ ಬಿಟ್ಟಿತು. ಮಾತಾಡುವವರಿಲ್ಲದೆ ನಿದ್ದೆ ಹೋಯಿತು, ನಿದ್ದೆ ಬರಲಿ ಎಂದು ಕುಡಿತ ಬಂತು. ಈಗ ಹೇಳಿ, ಅದು ಸಾಲವೋ ಕುಡಿತವೋ? ನಮೂನೆಯಲ್ಲಿ ಎರಡಕ್ಕೂ ಬೇರೆ ಬೇರೆ ಕಾಲಂ. ಆ ಮನೆಯಲ್ಲಿ ಅದು ಒಂದೇ ದಾರಿ, ಒಂದೊಂದು ಹೆಜ್ಜೆಯಲ್ಲೂ ಯಾರಾದರೂ ಎದುರು ಸಿಕ್ಕಿದ್ದರೆ ತಿರುಗಬಹುದಾಗಿದ್ದ ದಾರಿ. ಬೆಲೆ ಕೇಳುವುದು ಹೋರಾಟ. ಆ ಬೆಲೆ ಬರುವ ತನಕ ಮನುಷ್ಯನನ್ನು ಉಳಿಸಿಕೊಳ್ಳುವುದೂ ಅದೇ ಹೋರಾಟದ ಕೆಲಸ ಎಂದು ನಾನು ನಂಬಿದ್ದೇನೆ.

ಬಣ್ಣ ಹಚ್ಚದ ಎತ್ತುಗಳು

ಈಗ ಕಾಕಾ. ಬರದ ವರ್ಷದಲ್ಲೂ ಬೋರಿನ ನೀರು ಹಾಯಿಸಿ ಮೆಣಸಿನಕಾಯಿ ಉಳಿಸಿದ್ದರು. 2024ರ ವಸಂತದಲ್ಲಿ ಪೇಟೆಗೆ ಒಯ್ದಾಗ ರೇಟು ಬಿದ್ದಿತ್ತು. ಇಷ್ಟನ್ನೇ ಫೋನಿನಲ್ಲಿ ಹೇಳಿದ್ದರು, ಅದೂ ಬೇರೆ ಯಾರದೋ ಸುದ್ದಿ ಹೇಳಿದ ಹಾಗೆ. ಜೂನಿನಲ್ಲಿ ಕಾಕಾನ ಹೆಂಡತಿ, ನಮ್ಮ ಚಿಗವ್ವ, ಫೋನ್ ಮಾಡಿದಳು. ಆಕೆ ತಾನಾಗಿ ಫೋನ್ ಮಾಡುವವಳಲ್ಲ. ‘ಕಾರಹುಣ್ಣವಿಗೆ ಬಂದ ಹೋಗಪಾ’ ಅಂದಳು, ಬೇರೆ ಏನೂ ಹೇಳಲಿಲ್ಲ.

ಕಾರಹುಣ್ಣಿಮೆ ನಮ್ಮ ಕಾಕಾನ ಹಬ್ಬ. ಹಿಂದಿನ ದಿನವೇ ಹಳ್ಳಕ್ಕೆ ಒಯ್ದು ಎತ್ತಿನ ಮೈ ತಿಕ್ಕಿ, ಕೋಡು ಹೆರೆದು, ಬಣ್ಣ ಹಚ್ಚಿ, ಕೋಡಣಸು ಹಾಕಿ, ಮೈಮೇಲೆ ಜೂಲಾ ಹೊದಿಸಿ ಕರಿ ಹರಿಯಲು ಹೊರಟರೆ ಅವರ ಜೋಡಿಯನ್ನು ನೋಡಲು ಪಕ್ಕದ ಊರಿನವರು ನಿಲ್ಲುತ್ತಿದ್ದರು. ಮಗನ ಮದುವೆಯಲ್ಲೂ ಅಷ್ಟು ಮುತುವರ್ಜಿ ಮಾಡಿರಲಿಲ್ಲ. ನಾನು ಹೋದಾಗ ಮಧ್ಯಾಹ್ನ ಹನ್ನೆರಡು. ಓಣಿಯ ಎಲ್ಲ ಎತ್ತುಗಳೂ ಕೆಂಪು, ಹಸಿರು. ನಮ್ಮ ದನದ ಮನೆಯಲ್ಲಿ ಎರಡೂ ಎತ್ತು ಗ್ವಾದಲಿಗೆ ಮುಖ ಮಾಡಿ ನಿಂತಿದ್ದವು. ಪಕ್ಕೆಯ ಮೇಲೆ ಸಗಣಿ ಒಣಗಿ ಹಕ್ಕಳೆ ಕಟ್ಟಿತ್ತು. ಬಣ್ಣದ ಪೊಟ್ಟಣ ತಂದದ್ದು ಬಿಚ್ಚದೆ ಕಿಟಕಿಯಲ್ಲಿತ್ತು. ಕಾಕಾ ಬಾಗಿಲ ಕಟ್ಟೆಯ ಮೇಲೆ ಕೂತಿದ್ದರು, ಒಂದು ವಾರದ ಗಡ್ಡ. ನನ್ನ ನೋಡಿ ಎದ್ದರು. ನಾನು ಕೇಳಿದೆ, ‘ಆರಾಮ ಅದೀರೇನು ಕಾಕಾ?’

‘ಆರಾಮ ತಮ್ಮಾ.’

ನನ್ನ ಗಂಟಲು ಕಟ್ಟಿತು. ಮುಂದೆ ಏನು ಕೇಳಬೇಕೋ ನನಗೆ ಬರಲಿಲ್ಲ. ಕೇಳಬಾರದ್ದನ್ನು ಕೇಳಿ ಇಲ್ಲದ್ದನ್ನು ತಲೆಯಲ್ಲಿ ತುಂಬಿದ ಹಾಗಾದರೆ ಎಂಬ ಹೆದರಿಕೆ. ಅಷ್ಟರಲ್ಲಿ ಬಡಿಗ್ಯಾರ ಅಜ್ಜ ಬಂದ. ಅರ್ಧ ಊರಿನ ಕೂರಿಗೆ, ಕುಂಟೆ ಮಾಡಿಕೊಟ್ಟವನು, ಕಾಕಾನಿಗಿಂತ ಹತ್ತು ವರ್ಷ ದೊಡ್ಡವನು. ಬಂದವನು ಎತ್ತು ನೋಡಿದ, ಕಾಕಾನ ನೋಡಿದ. ಬೀಡಿ ಹಚ್ಚದೆ ಕೈಯಲ್ಲೇ ಹಿಡಿದು ಕೂತ. ಮಳೆಯ ಮಾತಾಡಲಿಲ್ಲ. ‘ರಾತ್ರಿ ನಿದ್ದಿ ಹತ್ತತೈತೋ ಇಲ್ಲೋ?’ ಅಂದ. ಕಾಕಾ ಸುಮ್ಮನಿದ್ದರು. ‘ಊಟಾ?’ ಸುಮ್ಮನೆ. ಅಜ್ಜ ಇನ್ನೂ ಹತ್ತಿರ ಸರಿದು, ದನಿ ತಗ್ಗಿಸದೆ, ಬೆಳೆಯ ಮಾತು ಕೇಳಿದಷ್ಟೇ ಸಲೀಸಾಗಿ ಕೇಳಿದ: ‘ಸಾಯೂ ವಿಚಾರ ಏನರೆ ಬರಾಕತ್ತೈತೇನು? ನನ್ನ ಮುಂದ ಹೇಳು.’

ಎತ್ತಿನ ಕೊರಳ ಗಂಟೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಕಾಕಾ ತಲೆ ಎತ್ತಲಿಲ್ಲ. ‘ಬರತೈತಿ’ ಅಂದರು. ಆಮೇಲೆ ಅತ್ತರು. ಅಪ್ಪ ತೀರಿಹೋದಾಗಲೂ ಅವರು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ಅಜ್ಜ ಸಮಾಧಾನ ಹೇಳಲಿಲ್ಲ, ‘ಗಂಡಸಾಗಿ ಅಳತಿಯಲ್ಲೋ’ ಅನ್ನಲಿಲ್ಲ, ಹೆಂಡತಿ ಮಕ್ಕಳ ನೆನಪು ಮಾಡಿಕೊಡಲಿಲ್ಲ. ಬೆನ್ನ ಮೇಲೆ ಕೈ ಇಟ್ಟುಕೊಂಡು ಸುಮಾರು ಹೊತ್ತು ಕೂತ. ಇಪ್ಪತ್ತು ವರ್ಷದ ಹಿಂದೆ ಅವನ ಸ್ವಂತ ತಮ್ಮ ಹೋದದ್ದು ಹೀಗೆಯೇ ಎಂದು ನನಗೆ ಆಮೇಲೆ ಗೊತ್ತಾಯಿತು. ‘ಅವಾಗ ನಾ ಕೇಳಲಿಲ್ಲ’ ಎಂದಷ್ಟೇ ಹೇಳಿದ.

ನೇರವಾಗಿ ಕೇಳಿದರೆ ಇಲ್ಲದ ವಿಚಾರ ಹುಟ್ಟುತ್ತದೆ ಎಂಬುದು ಸುಳ್ಳು. ಮನೋವೈದ್ಯರು ಇದನ್ನು ಎಷ್ಟೋ ಕಾಲದಿಂದ ಹೇಳುತ್ತಿದ್ದಾರೆ, ಅಧ್ಯಯನಗಳೂ ಅದನ್ನೇ ಹೇಳುತ್ತವೆ: ಕೇಳಿದರೆ ಭಾರ ಇಳಿಯುತ್ತದೆ. ಅದು ಯಾವ ಪುಸ್ತಕವನ್ನೂ ಓದದ ಬಡಿಗ್ಯಾರ ಅಜ್ಜನಿಗೆ ಗೊತ್ತಿತ್ತು.

ಅವತ್ತು ಸಂಜೆ ಅಜ್ಜ ಇನ್ನೊಂದು ಕೆಲಸ ಮಾಡಿದ. ಬೆಳೆಗೆ ಹೊಡೆಯಲು ತಂದಿಟ್ಟ ಎಣ್ಣೆಯ ಬಾಟಲಿಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ತನ್ನ ಕಮ್ಮಟಕ್ಕೆ ಒಯ್ದು ಕೀಲಿ ಹಾಕಿದ. ‘ಬೇಕಾದಾಗ ನನಗ ಹೇಳು, ಕೂಡೇ ಹೋಗಿ ಹೊಡಿಯೂಣು’ ಅಂದ. ಹತ್ತು ರಾತ್ರಿ ಕಾಕಾನ ಪಕ್ಕದಲ್ಲಿ ಒಬ್ಬರಲ್ಲ ಒಬ್ಬರು ಮಲಗಿದೆವು.

ಧಾರವಾಡಕ್ಕ ಕಳಸ್ರಿ

ಮುಂದಿನ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಹೋದೆವು. ಮಂಗಳವಾರವೇ ಏಕೆಂದರೆ ‘ಮನೋಚೈತನ್ಯ’ ಎಂಬ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಅದು. ಆಶಾ ಕಾರ್ಯಕರ್ತೆ ಹೇಳದಿದ್ದರೆ ನನಗೂ ಗೊತ್ತಿರಲಿಲ್ಲ. ಕಾಕಾ ಬರಲು ಒಪ್ಪಿದ್ದು ಬಿಪಿ ತೋರಿಸಿಕೊಂಡು ಬರೋಣ ಅಂದಮೇಲೆ. ಬಾಗಿಲ ಮೇಲಿನ ಫಲಕ ಓದಿ ಅಲ್ಲೇ ನಿಂತರು. ನಮ್ಮ ಕಡೆ ತಲೆ ಸರಿಯಿಲ್ಲದವನಂತೆ ಯಾರಾದರೂ ಆಡಿದರೆ ‘ಇವನ್ನ ಧಾರವಾಡಕ್ಕ ಕಳಸ್ರಿ’ ಎಂದು ನಗುವುದಿದೆ. ಈಗಿನ ಡಿಮ್ಹಾನ್ಸ್ ಎಂಬ ಹಳೆಯ ಮಾನಸಿಕ ಆಸ್ಪತ್ರೆ ಅಲ್ಲಿದೆಯಲ್ಲ, ಅದಕ್ಕೆ. ಆ ನಗುವನ್ನು ನಾನೂ ನಕ್ಕಿದ್ದೇನೆ. ಆ ಬಾಗಿಲಲ್ಲಿ ಕಾಕಾನ ಕೈ ನನ್ನ ಮುಂಗೈಯನ್ನು ಹಿಡಿದ ಬಿಗಿಯಲ್ಲಿ ಅದೆಲ್ಲ ನಗು ಇತ್ತು.

ಇದೆಲ್ಲ ನಮ್ಮ ರಾಜ್ಯದಲ್ಲಿ ಆಗುತ್ತಿದೆ ಎಂಬುದೇ ನನಗೆ ನೋವಿನ ವಿಷಯ. ಹಳ್ಳಿಯ ಸಾಮಾನ್ಯ ಆಸ್ಪತ್ರೆಯಲ್ಲೇ ಮನಸ್ಸಿಗೂ ಔಷಧಿ ಸಿಗಬೇಕು, ಅದಕ್ಕೆ ಊರಿನ ವೈದ್ಯರನ್ನೂ ಆರೋಗ್ಯ ಕಾರ್ಯಕರ್ತರನ್ನೂ ತಯಾರು ಮಾಡಿದರೆ ಸಾಕು ಎಂಬುದನ್ನು ದೇಶಕ್ಕೆ ಜಿಲ್ಲಾ ಮಟ್ಟದಲ್ಲಿ ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿ. ನಿಮ್ಹಾನ್ಸ್‌ನವರು 1975ರಲ್ಲಿ ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿ ಸಣ್ಣದಾಗಿ ಶುರುಮಾಡಿ, 1985ರಿಂದ 1990ರ ತನಕ ಇಡೀ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಕೆಲಸ ಅದು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿದ್ದು ಬಳ್ಳಾರಿ ಮಾದರಿಯ ಮೇಲೆ. ಅದಾಗಿ ಒಂದು ತಲೆಮಾರು ಕಳೆದಿದೆ. ನನ್ನ ಕಾಕಾ ಇನ್ನೂ ಬಿಪಿಯ ಹೆಸರಿನಲ್ಲಿ ಒಳಗೆ ಹೋಗಬೇಕು.

ವೈದ್ಯೆ ಚಿಕ್ಕ ವಯಸ್ಸಿನವರು. ‘ಎದ್ಯಾಗ ಏನೋ ಕಲ್ಲ ಇಟ್ಟಂಗ ಆಗತೈತ್ರಿ’ ಅಂದರು ಕಾಕಾ. ವೈದ್ಯೆ ಆ ಕಲ್ಲಿನ ಬಗ್ಗೆಯೇ ಕೇಳುತ್ತ ಹೋದರು: ಬೆಳಿಗ್ಗೆ ಹೆಚ್ಚೋ ರಾತ್ರಿಯೋ, ಹೊಲದಲ್ಲಿದ್ದಾಗಲೋ ಮನೆಯಲ್ಲೋ. ಖಿನ್ನತೆ ಎಂಬ ಪದ ಬಂದದ್ದು ಕೊನೆಗೆ. ಗುಳಿಗೆ ಪರಿಣಾಮ ತೋರಲು ಎರಡು ಮೂರು ವಾರ ಬೇಕು, ಆರಾಮ ಅನ್ನಿಸಿದ ಕೂಡಲೇ ಬಿಡಬಾರದು ಎಂದು ಎರಡು ಸಲ ಹೇಳಿದರು. ಗುಳಿಗೆಯ ಜೊತೆಗೆ ನಾವು ಇನ್ನೊಂದು ಕೆಲಸ ಮಾಡಿದೆವು. ಒಂದು ಸಂಜೆ ಕಾಕಾ, ಅಜ್ಜ, ನಾನು ಕೂತು ಸಾಲವನ್ನೆಲ್ಲ ಪೂರಾ ಹೆಸರು ಹಾಕಿ ಒಂದು ಹಾಳೆಯಲ್ಲಿ ಬರೆದೆವು. ಕೂಡಿಸಿದರೆ 3 ಲಕ್ಷದ 40 ಸಾವಿರ. ಕಾಕಾ ಆ ಅಂಕಿಯನ್ನು ಬಹಳ ಹೊತ್ತು ನೋಡಿ ‘ಇಷ್ಟೇನು?’ ಅಂದರು. ಅದು ಸಣ್ಣ ಮೊತ್ತವಲ್ಲ, ಅರ್ಧದಷ್ಟು ಇನ್ನೂ ತೀರಿಲ್ಲ. ಆದರೆ ಅವರ ತಲೆಯೊಳಗೆ ಅದಕ್ಕೆ ಅಂಕಿಯೇ ಇರಲಿಲ್ಲ.

ಮಹಾರಾಷ್ಟ್ರದ ವಿದರ್ಭದಲ್ಲಿ, ಅಮರಾವತಿ ಜಿಲ್ಲೆಯ 30 ಹಳ್ಳಿಗಳಲ್ಲಿ, ‘ವಿಶ್ರಾಮ್’ ಎಂಬ ಕಾರ್ಯಕ್ರಮದವರು ಬಡಿಗ್ಯಾರ ಅಜ್ಜನಂಥ ಊರಿನವರಿಗೇ ತರಬೇತಿ ಕೊಟ್ಟು ಮನೆಮನೆಗೆ ಕಳಿಸಿದರು. ಒಂದೂವರೆ ವರ್ಷದಲ್ಲಿ, ಖಿನ್ನತೆ ಇದ್ದವರಲ್ಲಿ ನೆರವು ಪಡೆದವರ ಪ್ರಮಾಣ ನೂರಕ್ಕೆ 4ರಿಂದ 27ಕ್ಕೆ ಏರಿತು. ಅಲ್ಲಿಯೂ ಹತ್ತಿಯ ಬೆಲೆ ಅವರ ಕೈಯಲ್ಲಿರಲಿಲ್ಲ.

ಎಣ್ಣೆ ಎಂಬ ಮಾತು

ಅಜ್ಜ ಬಾಟಲಿಗಳನ್ನು ಒಯ್ದು ಕೀಲಿ ಹಾಕಿದ್ದು ಬರೀ ಮುನ್ನೆಚ್ಚರಿಕೆ ಎಂದುಕೊಂಡಿದ್ದೆ. ಆಮೇಲೆ ಓದುತ್ತ ಹೋದಾಗ ಅದು ಎಷ್ಟು ದೊಡ್ಡ ಮಾತು ಎಂದು ತಿಳಿಯಿತು. ನಾವು ಆ ವಸ್ತುವನ್ನು ಎಣ್ಣೆ ಅನ್ನುತ್ತೇವೆ, ಹಳೇ ಮೈಸೂರಿನವರು ಔಷಧಿ ಅನ್ನುತ್ತಾರೆ. ವಿಷ ಅನ್ನುವವರು ಯಾರೂ ಇಲ್ಲ. ಅಡುಗೆಯ ಎಣ್ಣೆಯಂತೆ, ಕೆಮ್ಮಿನ ಔಷಧಿಯಂತೆ ಅದು ಮನೆಯೊಳಗೇ ಇರುತ್ತದೆ.

ಶ್ರೀಲಂಕಾದಲ್ಲಿ 1995ರಲ್ಲಿ ಮತ್ತು 1998ರಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ನಿಷೇಧಿಸಿದರು. 2005ರ ಹೊತ್ತಿಗೆ ದೇಶದ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕೆ ಇಳಿದಿತ್ತು, ಭತ್ತದ ಇಳುವರಿ ಅದರಿಂದ ಕುಸಿಯಲಿಲ್ಲ. ಬಡತನ ಹೋಗಿರಲಿಲ್ಲ, ಯುದ್ಧವೂ ನಿಂತಿರಲಿಲ್ಲ. ಎಷ್ಟೋ ಜನರಲ್ಲಿ ಆ ವಿಚಾರ ಬಂದು ಹೋಗುವುದು ಕೆಲವು ನಿಮಿಷ, ಕೆಲವು ಗಂಟೆಗಳಲ್ಲಿ. ಆ ಹೊತ್ತು ದಾಟಿದವರಲ್ಲಿ ಬಹುಪಾಲು ಜನ ಮುಂದೆ ಬದುಕುತ್ತಾರೆ. ಹಾಗಾದರೆ ಮನೆಮನೆಗೂ ಕೀಲಿ ಹಾಕುವ ಪೆಟ್ಟಿಗೆ ಕೊಟ್ಟರಾಯಿತಲ್ಲ ಎಂದರೆ, ಅದನ್ನೂ ಶ್ರೀಲಂಕಾದಲ್ಲೇ 180 ಹಳ್ಳಿಗಳ 50 ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ಪರೀಕ್ಷಿಸಿ ನೋಡಿದರು. 2017ರಲ್ಲಿ ಬಂದ ಆ ಅಧ್ಯಯನ ಹೇಳಿದ್ದು, ಅದರಿಂದ ಉಪಯೋಗ ಕಾಣಲಿಲ್ಲ ಎಂದು. ಕೀಲಿಕೈ ಮನೆಯಲ್ಲೇ ಇದ್ದರೆ ಕೀಲಿಗೆ ಅರ್ಥವೇನು ಎಂದು ನನಗನ್ನಿಸಿತು. ತಮಿಳುನಾಡಿನ ಕಡಲೂರು ಜಿಲ್ಲೆಯಲ್ಲಿ ಡಾ. ಲಕ್ಷ್ಮಿ ವಿಜಯಕುಮಾರ್ ಮತ್ತು ಅವರ ತಂಡ ಮಾಡಿದ್ದು ಬೇರೆ: ಊರಿಗೊಂದು ಸಾಮೂಹಿಕ ದಾಸ್ತಾನು ಮನೆ, ರೈತನಿಗೊಂದು ಲಾಕರು, ಜೊತೆಗೆ ನೋಡಿಕೊಳ್ಳಲು ಒಬ್ಬರು. ತೆಗೆದುಕೊಳ್ಳಲು ಹೋದಾಗ ಒಂದು ಮನುಷ್ಯ ಮುಖ ಎದುರಾಗುತ್ತದೆ. ನಮ್ಮ ಊರಿನಲ್ಲಿ ಬಡಿಗ್ಯಾರ ಅಜ್ಜನ ಕಮ್ಮಟ ಆದದ್ದು ಅದೇ. ಈಗ ಓಣಿಯ ಆರು ಮನೆಯ ಬಾಟಲಿಗಳು ಅಲ್ಲಿರುತ್ತವೆ. ಸೊಸೈಟಿಯ ಗೋದಾಮಿನಲ್ಲಿ ಒಂದು ಮೂಲೆ ಬಿಟ್ಟುಕೊಡಿ ಎಂದು ನಾವು ಕೇಳುತ್ತಿದ್ದೇವೆ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು, ಯಾಕೆಂದರೆ ಇದರ ಹೆದರಿಕೆಯಿಂದ ಜೀವಗಳು ಹೋಗಿವೆ. ಯಾರಾದರೂ ಹಾಗೆ ಮಾಡಿಕೊಂಡಾಗ ಪೊಲೀಸ್ ಕೇಸು ಆಗುತ್ತದೆ ಎಂದು ಆಸ್ಪತ್ರೆಗೆ ಒಯ್ಯಲು ತಡಮಾಡುವುದು, ವೈದ್ಯರಿಗೆ ಸುಳ್ಳು ಹೇಳುವುದು ನಮ್ಮಲ್ಲಿ ಈಗಲೂ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬಂದಮೇಲೆ ಅಂಥವರನ್ನು ತೀವ್ರ ಒತ್ತಡದಲ್ಲಿರುವವರೆಂದು ಪರಿಗಣಿಸಬೇಕು, ಆರೈಕೆ ಕೊಡಬೇಕು. ಆತ್ಮಹತ್ಯೆಯ ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡಸಂಹಿತೆಯ 309ನೇ ಸೆಕ್ಷನ್ 2024ರ ಜುಲೈ 1ರಿಂದ ಜಾರಿಯಾದ ಹೊಸ ಸಂಹಿತೆಯಲ್ಲಿ ಇಲ್ಲ. ಹೆದರದೆ ಕರೆದೊಯ್ಯಿರಿ, ನಿಜ ಹೇಳಿರಿ.

ಚಿಗವ್ವ

ಇಷ್ಟೆಲ್ಲ ಬರೆದಮೇಲೆ ನನ್ನನ್ನು ಕಾಡುವುದು ಚಿಗವ್ವ. ಕಾಕಾನ ಹೊಲದಲ್ಲಿ ಕಳೆ ತೆಗೆಯುವವಳು, ಮೆಣಸಿನಕಾಯಿ ಬಿಡಿಸುವವಳು ಆಕೆ. ವಾರದ ಕಂತಿನ ಗುಂಪಿನಲ್ಲಿ ಹೆಸರು ಆಕೆಯದು, ವಸೂಲಿಗೆ ಬಂದವರು ಬಾಗಿಲಲ್ಲಿ ಕೂತಾಗ ಎದುರು ನಿಲ್ಲುವವಳೂ ಆಕೆಯೇ. ಆ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಆದರೆ ಪಹಣಿಯಲ್ಲಿ ಆಕೆಯ ಹೆಸರಿಲ್ಲ. ಆಕೆಗೆ ಏನಾದರೂ ಆದರೆ ಬರೆದುಕೊಳ್ಳುವುದು ಗೃಹಿಣಿ ಎಂದು, ರೈತರ ಲೆಕ್ಕದಲ್ಲಿ ಅಲ್ಲ. ಕಾಕಾನ ಪಕ್ಕ ಹತ್ತು ರಾತ್ರಿ ಮಲಗಿದ ನಾವು ಆ ಹತ್ತು ರಾತ್ರಿ ಆಕೆ ನಿದ್ದೆ ಮಾಡಿದಳೋ ಇಲ್ಲವೋ ಎಂದು ಕೇಳಲಿಲ್ಲ. ಕಾಕಾ ಚೇತರಿಸಿಕೊಂಡ ಮೂರು ತಿಂಗಳಿಗೆ ನಾನು ಕೇಳಿದೆ, ಅಡುಗೆಮನೆಯ ಹೊಸ್ತಿಲಲ್ಲಿ ಕೂತು. ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು. ‘ನನ್ನ ಯಾರ ಕೇಳತಾರೋ ಯಪ್ಪಾ’ ಅಂದಳು. ಹಂಚಿನ ಮೇಲಿದ್ದ ರೊಟ್ಟಿ ಕರಕಾಯಿತು. ಅವತ್ತು ಅವಳು ಹೇಳಿದ್ದನ್ನು ಇಲ್ಲಿ ಬರೆಯುವ ಹಕ್ಕು ನನಗಿಲ್ಲ. ಈಗ ಭಾನುವಾರದ ಫೋನು ಎರಡು.

ಕಳೆದ ತಿಂಗಳು ಭಾನುವಾರವಲ್ಲದ ದಿನ, ರಾತ್ರಿ ಎಂಟರ ಹೊತ್ತಿಗೆ ಕಾಕಾನೇ ಫೋನ್ ಮಾಡಿದರು. ಗುಳಿಗೆಯನ್ನು ವೈದ್ಯೆ ನಿಲ್ಲಿಸಿ ಬಹಳ ದಿನವಾಗಿದೆ. ಎಲ್ಲ ದಿನವೂ ಚೆನ್ನಾಗಿರುವುದಿಲ್ಲ, ಇಲ್ಲದ ದಿನ ಹೇಳುತ್ತಾರೆ. ‘ಆರಾಮ?’ ಅಂದೆ. ‘ನಂದಿರಲಿ’ ಅಂದರು. ಹಿಂದಿನ ಓಣಿಯ ಹುಡುಗನೊಬ್ಬ, ಈ ವರ್ಷ ಈರುಳ್ಳಿ ಹಾಕಿದವನು, ನಾಲ್ಕು ದಿನದಿಂದ ಹೊಲದ ಕಡೆ ಹೋಗಿಲ್ಲವಂತೆ. ಕಾಕಾ ಅವನ ಮನೆಗೆ ಹೋಗಿ ಕೂತು ಬಂದಿದ್ದರು. ಅಜ್ಜ ಕೇಳಿದ್ದನ್ನೇ ಕೇಳಿದರಂತೆ, ಅದೇ ದನಿಯಲ್ಲಿ. ಬಡಿಗ್ಯಾರ ಅಜ್ಜ ಇವತ್ತು ರಾತ್ರಿ ಅಲ್ಲೇ ಮಲಗುತ್ತಾನೆ. ಮಂಗಳವಾರಕ್ಕೆ ಇನ್ನೂ ಐದು ದಿನವಿದೆ. ‘ನೀ ಅವತ್ತ ಒಂದು ನಂಬರ್ ಹೇಳಿದ್ದಿ ನೋಡು, ರಾತ್ರಿನೂ ಎತ್ತತಾರ ಅಂದಿದ್ದಿ, ಅದನ್ನ ಹೇಳು’ ಅಂದರು.

ಟೆಲಿ-ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾದದ್ದು, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ಕಾಕಾ ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡದ್ದು ಸದ್ದಿನಿಂದಲೇ ಗೊತ್ತಾಯಿತು. ಅವರು ದನದ ಮನೆಯಲ್ಲಿದ್ದರು. ಆಕಳು ಗಬ್ಬ ಕಟ್ಟಿದ ದಿನ, ಹಾಲಿನ ಲೆಕ್ಕ, ಕೂಲಿಯವರ ಪಗಾರ ಎಲ್ಲವನ್ನೂ ಇದ್ದಿಲಿನಲ್ಲಿ ಬರೆಯುವ ಗೋಡೆ ಒಂದಿದೆ ಅಲ್ಲಿ. ‘ಸಾವಕಾಶ ಹೇಳು’ ಅಂದರು.

‘ಒಂದು.’

‘ಹೂಂ.’

‘ನಾಲ್ಕು. ಇನ್ನೊಂದು ನಾಲ್ಕು.’

‘ಹೂಂ.’

‘ಒಂದು. ಆರು.’

ಗೋಡೆಯ ಮೇಲೆ ಇದ್ದಿಲು ಎಳೆದ ಸದ್ದು. ಎತ್ತಿನ ಗಂಟೆ. ‘ಮುಂದ?’ ಅಂದರು.

‘ಮುಂದ ಇಲ್ಲ ಕಾಕಾ. ಇಷ್ಟ.’

‘ಐದ ಅಂಕಿ ಅಷ್ಟ?’

‘ಐದ ಅಷ್ಟ.’

‘ತಡಿ,’ ಅಂದರು, ‘ದೊಡ್ಡದಾಗಿ ಬರೀತನಿ.’